ಹಿನ್ನೀರಿನಲ್ಲಿ ಎಂಟು ನಿಮಿಷ

ಸಾಗರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನ ಹೊಲಿಗೆ ಅಂಗಡಿ. ಅದಕ್ಕೆ ಅಂಟಿಕೊಂಡೇ ಜಟ್ಟಪ್ಪನವರ ಸ್ಟುಡಿಯೊ. ಇಪ್ಪತ್ತೆರಡು ವರ್ಷದಿಂದ ನಮ್ಮಿಬ್ಬರ ನಡುವೆ ಇರುವುದು ಒಂದು ಹಲಗೆಯ ಗೋಡೆ ಮಾತ್ರ. ಅವರು ಕೆಮ್ಮಿದರೂ ನನಗೆ ಕೇಳುತ್ತದೆ.

ಹೊಟ್ಟೆಪಾಡಿಗೆ ಅವರು ಮಾಡುತ್ತಿದ್ದದ್ದು ಎಲ್ಲ ಸ್ಟುಡಿಯೊದವರೂ ಮಾಡುವ ಕೆಲಸವೇ. ಪಾಸ್‌ಪೋರ್ಟ್ ಫೋಟೊ, ನಾಮಕರಣ, ಮದುವೆ. ಜೀವ ಇದ್ದದ್ದು ಬೇರೆ ಕಡೆ. ಹೊಸನಗರದಲ್ಲಿ ಹಳೆಯ ಸ್ಟುಡಿಯೊವೊಂದು ಮುಚ್ಚುವಾಗ ಮೂಲೆಗೆ ಬಿದ್ದಿದ್ದ ಮರದ ಕ್ಯಾಮೆರಾವನ್ನು ಹೊತ್ತು ತಂದಿದ್ದರು. ಹಿಂದೆ ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಗ್ರೂಪ್ ಫೋಟೊ ತೆಗೆಯುತ್ತಿದ್ದ, ಹಾರ್ಮೋನಿಯಂ ತಿದಿಯಂಥ ಮಡಿಕೆಗಳ ಕ್ಯಾಮೆರಾ ಅದು. ಒಂದು ಸಲಕ್ಕೆ ಅಂಗೈ ಅಗಲದ ಒಂದೇ ಫಿಲ್ಮ್ ಹಾಳೆ. ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ತಲೆಕೆಳಗಾಗಿ ಕಾಣುವ ಚಿತ್ರವನ್ನು ಹೊಂದಿಸಿಕೊಳ್ಳಬೇಕು.

ಪ್ರತಿ ಮೇ ತಿಂಗಳು ಲಿಂಗನಮಕ್ಕಿ ಅಣೆಕಟ್ಟಿನ ನೀರು ಇಳಿದಾಗ ಅವರು ಆ ಕ್ಯಾಮೆರಾ ಹೊತ್ತು, ಲಾಂಚಿನಲ್ಲಿ ಹಿನ್ನೀರು ದಾಟಿ ಬ್ಯಾಕೋಡಿಗೆ ಹೋಗುತ್ತಿದ್ದರು. ಅವರ ತಾಯಿಯ ತವರು ಆ ನೀರಿನ ಅಡಿಯಲ್ಲಿದೆ. ನೀರಿಳಿದರೆ ಅರವತ್ತು ವರ್ಷದ ಹಿಂದೆ ಕಡಿದ ಮರಗಳ ಬುಡಗಳು ಕಪ್ಪಗೆ ಎದ್ದು ನಿಲ್ಲುತ್ತವೆ. ಲೆನ್ಸಿಗೆ ಕಪ್ಪು ಗಾಜು ಹಾಕಿ ಎಂಟು ನಿಮಿಷ ತೆರೆದಿಟ್ಟರೆ ಅಲೆಯೆಲ್ಲ ಅಳಿಸಿಹೋಗಿ ನೀರು ಹಾಸಿದ ಬಿಳಿ ಪಂಚೆಯಂತೆ ಕಾಣುತ್ತದೆ. ಬುಡಗಳು ಮಾತ್ರ ಹಾಗೇ ಉಳಿಯುತ್ತವೆ.

ಅಲ್ಲಿ ಅವರನ್ನು ತೆಪ್ಪದಲ್ಲಿ ಕರೆದೊಯ್ಯುತ್ತಿದ್ದವನು ಹುಲಿಯಪ್ಪ. ಹಿನ್ನೀರಿನಲ್ಲಿ ಮೀನು ಹಿಡಿದು ಬದುಕುವವನು. ಒಂಬತ್ತು ವರ್ಷ, ಹೋದಾಗಲೆಲ್ಲ ಜಟ್ಟಪ್ಪ ಮಲಗುತ್ತಿದ್ದದ್ದು ಅವನ ಮನೆಯ ಜಗಲಿಯಲ್ಲಿ, ಉಣ್ಣುತ್ತಿದ್ದದ್ದು ಅವನ ಹೆಂಡತಿ ವೆಂಕಮ್ಮ ಬಡಿಸಿದ್ದನ್ನು.

ಮೂರು ವರ್ಷದ ಹಿಂದಿನ ಮೇ ತಿಂಗಳಲ್ಲಿ ನಡೆದದ್ದನ್ನು ನನಗೆ ಜಟ್ಟಪ್ಪನವರೇ ಹೇಳಿದರು.

ಬೆಳಿಗ್ಗೆ ಮೋಡ ಕವಿದಿತ್ತು, ಗಾಳಿ ಇರಲಿಲ್ಲ. ಅಂಥ ಬೆಳಕಿಗೆ ಅವರು ವರ್ಷಗಟ್ಟಲೆ ಕಾದಿದ್ದರು. ಹುಲಿಯಪ್ಪ ಅವರನ್ನು ಒಂದು ದಿಬ್ಬದ ಪಕ್ಕ ಇಳಿಸಿದ.

"ನೀನು ಎದುರಿಗೆ ಬರ್ಬೇಡ ಮಾರಾಯ, ನೀರು ಕದಡುತ್ತೆ. ಹಿಂದ್ಗಡೆ ಹೋಗು," ಅಂದರು ಜಟ್ಟಪ್ಪ.

"ಹಿಂದ್ಗಡೆ ಬರೀ ಬುಡಗಳು ಜಟ್ಟಣ್ಣ, ಬಲೆ ಸಿಕ್ಕಾಕತ್ತೆ."

"ಒಂದರ್ಧ ಗಂಟೆ, ಅಷ್ಟೇ."

ಅವನು ಹೋದ. ಇವರು ಲೆನ್ಸ್ ತೆರೆದು ಕೈಗಡಿಯಾರ ನೋಡುತ್ತ ನಿಂತರು. ಆರನೇ ನಿಮಿಷ ಮುಗಿದಾಗ ದಿಬ್ಬದ ಆಚೆಯಿಂದ "ಅಣ್ಣಾ" ಅಂತ ಕೂಗು ಕೇಳಿತು. ಒಂದೇ ಸಲ. ದೊಡ್ಡ ಮೀನು ಬಿದ್ದಿರಬೇಕು ಅಂದುಕೊಂಡರು. ಹುಲಿಯಪ್ಪ ಚೆನ್ನಾಗಿ ಈಜುವವನು. "ಇರು, ಇನ್ನೆರಡೇ ನಿಮಿಷ," ಅಂತ ತಿರುಗದೇ ಕೂಗಿ ಹೇಳಿದರು. ಎಂಟು ನಿಮಿಷ ತುಂಬಿದ ಮೇಲೆ ಲೆನ್ಸ್ ಮುಚ್ಚಿ, ಫಿಲ್ಮ್ ಹೊರಗೆ ತೆಗೆದು ಚೀಲಕ್ಕೆ ಹಾಕಿ, ಆಮೇಲೆ ದಿಬ್ಬ ಹತ್ತಿದರು.

ತೆಪ್ಪ ಬೋರಲು ಬಿದ್ದಿತ್ತು. ಪಕ್ಕದಲ್ಲಿ ನೀರಿನ ಗುಳ್ಳೆಯೂ ಇರಲಿಲ್ಲ. ಈಜು ಬಾರದ ಜಟ್ಟಪ್ಪ ಎದೆಮಟ್ಟ ನೀರಿಗೆ ಇಳಿದರು, ಕೆಸರು ಕಾಲು ಬಿಡಲಿಲ್ಲ. ಕೂಗಿ ಕೂಗಿ ಗಂಟಲು ಕಟ್ಟಿಹೋಯಿತು. ಆಚೆ ದಡದ ಜನ ಬರುವಷ್ಟರಲ್ಲಿ ಮುಕ್ಕಾಲು ಗಂಟೆ. ಮರುದಿನ ಹೆಣ ಸಿಕ್ಕಿತು. ಕಾಲಿಗೆ ಸುತ್ತಿದ ಬಲೆ ಒಂದು ಬುಡಕ್ಕೆ ಬಿಗಿದುಕೊಂಡಿತ್ತು.

ಪೊಲೀಸರು ಕೇಳಿದಾಗ ಜಟ್ಟಪ್ಪ, "ಕೂಗು ಕೇಳಿದ ಕೂಡ್ಲೇ ಓಡಿದೆ," ಅಂದರು. ಹಾಗೇ ಬರೆದುಕೊಂಡರು, ಇವರು ಸಹಿ ಹಾಕಿದರು.

ಕರ್ಮಾಂತರಕ್ಕೆ ಮೊದಲು ವೆಂಕಮ್ಮನ ತಮ್ಮ ರಾಜು ಸ್ಟುಡಿಯೊಗೆ ಬಂದ. "ಭಾವನ ಒಂದು ಫೋಟೊ ಕೊಡಿ. ಹಾರ ಹಾಕಕ್ಕೆ ಮನೇಲಿ ಒಂದೂ ಇಲ್ಲ. ನಿಮ್ಮತ್ರ ಬೇಕಾದಷ್ಟು ಇರ್ತವೆ ಅಂದ್ಲು ಅಕ್ಕ."

ಗೋಡೆಯ ಈಚೆ ನಾನು ಮಷೀನು ನಿಲ್ಲಿಸಿದೆ. ಒಳಗೆ ಡಬ್ಬ ತೆಗೆಯುವ, ಮುಚ್ಚುವ ಸದ್ದು ತುಂಬ ಹೊತ್ತು ಕೇಳಿತು. ಒಂಬತ್ತು ವರ್ಷದಲ್ಲಿ ಜಟ್ಟಪ್ಪ ಹುಲಿಯಪ್ಪನ ಒಂದು ಫೋಟೊವನ್ನೂ ತೆಗೆದಿರಲಿಲ್ಲ. ಕೊನೆಗೆ ಆಧಾರ್ ಕಾರ್ಡಿನ ಮುಖವನ್ನೇ ದೊಡ್ಡದು ಮಾಡಿ ಕೊಟ್ಟರು. ಮೂಗು ಯಾವುದು, ಮೀಸೆ ಯಾವುದು ಗೊತ್ತಾಗುವಂತಿರಲಿಲ್ಲ.

ಆ ದಿನದ ಫಿಲ್ಮನ್ನು ಅವರು ತೊಳೆದದ್ದು ಮಳೆ ಹಿಡಿದ ಮೇಲೆ. ಡಾರ್ಕ್ ರೂಮಿನಿಂದ ಹೊರಗೆ ಬಂದು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತರು. "ಇಷ್ಟು ಚೆನ್ನಾಗಿ ನನಗೆ ಯಾವತ್ತೂ ಬಂದಿರ್ಲಿಲ್ಲ," ಅಂದರು. ಆಮೇಲೆ ಎಲ್ಲವನ್ನೂ ಹೇಳಿದರು. ಎರಡು ನಿಮಿಷದಲ್ಲಿ ಏನು ಮಾಡೋದಕ್ಕೆ ಆಗ್ತಿತ್ತು, ನಿಮಗೆ ಈಜೂ ಬರಲ್ಲ ಅಂದೆ. "ಹಗ್ಗ ಇತ್ತು," ಅಂದರು. "ಕ್ಯಾಮೆರಾ ಚೀಲದಲ್ಲಿ ಹಗ್ಗ ಇತ್ತು."

ಮರುದಿನ ಅವರು ಬ್ಯಾಕೋಡಿಗೆ ಹೋದರು. ವೆಂಕಮ್ಮ ಒಲೆಯ ಮುಂದಿದ್ದಳು. ಹೇಳಿದ್ದನ್ನೆಲ್ಲ ಅತ್ತಿತ್ತ ನೋಡದೆ ಕೇಳಿದಳು.

"ಎರಡು ನಿಮಿಷ ಅಂದ್ರೆ ಎಷ್ಟೊತ್ತು ಜಟ್ಟಣ್ಣ?"

ಅವಳು ಅವರ ಕೈಗಡಿಯಾರದ ಕಡೆ ಬೆರಳು ತೋರಿಸಿದಳು.

"ಗಡಿಯಾರ ನೋಡಿ. ಆದಾಗ ಹೇಳಿ."

ಜಟ್ಟಪ್ಪ ಗಡಿಯಾರ ನೋಡುತ್ತ ಕೂತರು. ಅವಳು ಎದುರಿಗೆ ಕೂತಳು. ಹೊರಗೆ ಯಾರೋ ಎಮ್ಮೆ ಹೊಡೆದುಕೊಂಡು ಹೋದರು, ಆ ಗಂಟೆಯ ಸದ್ದು ದೂರವಾಗಿ ನಿಂತೂ ಹೋಯಿತು. ಎಸರು ಉಕ್ಕಿ ಒಲೆಗೆ ಚೆಲ್ಲಿತು, ಅವಳು ಏಳಲಿಲ್ಲ. "ಆಯ್ತು," ಅಂದರು ಜಟ್ಟಪ್ಪ.

"ಇಷ್ಟೊತ್ತು ನನ್ ಗಂಡ ನೀರಲ್ಲಿದ್ದ," ಅಂದಳು. "ನೀವು ಇನ್ನು ಈ ಮನೆಗೆ ಬರ್ಬೇಡಿ."

ಅಲ್ಲಿಂದ ಅವರು ನೇರವಾಗಿ ಠಾಣೆಗೆ ಹೋಗಿ ಹೇಳಿಕೆ ತಿದ್ದಿಕೊಳ್ಳಿ ಅಂತ ಕೇಳಿದರು. ಫೈಲ್ ಮುಗಿದಿದೆ, ಈಗ ಅದೆಲ್ಲ ಯಾಕೆ, ಮನೆಗೆ ಹೋಗಿ ಅಂತ ಕಳಿಸಿದರು. ಶಿಕ್ಷೆ ಕೊಡುವವರನ್ನು ಹುಡುಕುತ್ತ ಹೋದ ಮನುಷ್ಯನಿಗೆ ಯಾರೂ ಸಿಗಲಿಲ್ಲ. ಮರದ ಕ್ಯಾಮೆರಾವನ್ನು ಅವರು ಮತ್ತೆ ಮುಟ್ಟಲಿಲ್ಲ. ಮಾತೂ ಕಡಿಮೆಯಾಯಿತು. ಗಿರಾಕಿಗಳು ಹೊಸ ಸ್ಟುಡಿಯೊಗಳ ಕಡೆ ಹೋದರು.

ಆ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ವೆಂಕಮ್ಮ ಬಂದಳು. ವಿಧವಾ ವೇತನದ ಅರ್ಜಿಗೆ ಎರಡು ಫೋಟೊ ಬೇಕಿತ್ತು. ಇದೇ ರಸ್ತೆಯಲ್ಲಿ ಇನ್ನೂ ಮೂರು ಸ್ಟುಡಿಯೊಗಳಿವೆ. ಇಲ್ಲಿಗೇ ಯಾಕೆ ಬಂದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಾಗಿಲಲ್ಲಿ ನಿಂತು "ಫೋಟೊ ಬೇಕು" ಅಂದಳು, ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತಳು.

ತುಂಬ ಹೊತ್ತು ಏನೂ ಕೇಳಿಸಲಿಲ್ಲ. ನಾನು ಎದ್ದು ಹೋದೆ. ಜಟ್ಟಪ್ಪ ಕ್ಯಾಮೆರಾ ಹಿಡಿದು ನಿಂತಿದ್ದರು. ಅವಳು ತಲೆ ತಗ್ಗಿಸಿ ನೆಲ ನೋಡುತ್ತಿದ್ದಳು. ತಲೆ ಎತ್ತು ಅನ್ನಲು ಅವರಿಗೆ ಬಾಯಿ ಬರುತ್ತಿರಲಿಲ್ಲ.

"ಸ್ವಲ್ಪ ಮುಖ ಎತ್ತಮ್ಮ," ಅಂದೆ ನಾನು.

ಎತ್ತಿದಳು. ಅವರು ತೆಗೆದರು. ಫೋಟೊ ಕೈಗೆ ಬಂದಾಗ ಅವಳು ಅದನ್ನು ನೋಡದೆ ಅರ್ಜಿಯ ನಡುವೆ ಇಟ್ಟುಕೊಂಡು, ತಾಲ್ಲೂಕು ಆಫೀಸು ಮುಚ್ಚುವುದರೊಳಗೆ ತಲುಪಬೇಕೆಂದು ಬೇಗಬೇಗ ನಡೆದಳು.