ಮಾನಿಟರಿನ ದನಿ ಮತ್ತು ಅವ್ವನ ಹಂಡೆ

ಕಂಪ್ಯೂಟರಿಗೆ ಬೇರೆಯೊಂದು ದೊಡ್ಡ ಮಾನಿಟರ್ ತಗುಲಿಸಿದ ಮನೆಗಳಲ್ಲಿ ಸದ್ದಿನ ಆಡಳಿತ ಎರಡು ಕಚೇರಿಗಳ ನಡುವೆ ಹಂಚಿಹೋಗಿರುತ್ತದೆ. ಕೀಬೋರ್ಡಿನ ವಾಲ್ಯೂಮ್ ಗುಂಡಿ ಒಂದು ಕಚೇರಿ. ಅದನ್ನು ಒತ್ತಿದರೆ ಪರದೆಯ ಮೇಲೊಂದು ಗೆರೆ ಬೆಳೆಯುತ್ತದೆ, ನೂರು ಎಂದು ತೋರಿಸುತ್ತದೆ, ಒತ್ತಿದವರಿಗೆ ಕರ್ತವ್ಯ ಮುಗಿಸಿದ ಸಮಾಧಾನವಾಗುತ್ತದೆ. ಆದರೆ ಸದ್ದು ಹೊರಡಬೇಕಾದ್ದು ಮಾನಿಟರಿನ ಹೊಟ್ಟೆಯೊಳಗಿನ ಪುಟ್ಟ ಸ್ಪೀಕರಿನಿಂದ. ಅದಕ್ಕೆ ತನ್ನದೇ ಪ್ರತ್ಯೇಕ ವಾಲ್ಯೂಮ್ ಉಂಟು. ಅಲ್ಲಿ ಸೊನ್ನೆ ಇದ್ದರೆ ಇಲ್ಲಿನ ನೂರು, ಸಾಹೇಬರ ಸಹಿ ಬೀಳದ ಕಡತವಿದ್ದಂತೆ. ಇದೆ, ಆದರೆ ನಡೆಯುವುದಿಲ್ಲ.

ಈ ವಿದ್ಯೆ ನನಗೆ ಒಲಿದದ್ದು ಚಾಮರಾಜನಗರದ ನನ್ನ ಮನೆಯಲ್ಲಿ. ಜೀವಮಾನವೆಲ್ಲ ಸರ್ಕಾರಿ ಕಡತಗಳನ್ನು ಓದಿ ಕಣ್ಣು ಮಂಜಾದ ಮೇಲೆ ದೊಡ್ಡ ಪರದೆ ತಂದಿದ್ದೆ. ಅದು ಬಂದ ದಿನವೇ ಮೂಕವಾಯಿತು. ಅದರ ಕೆಳಅಂಚಿನ ಹಿಂದೆ, ಕಣ್ಣಿಗೆ ಕಾಣದೆ ಬೆರಳಿಗೆ ಮಾತ್ರ ಸಿಗುವ ಹಾಗೆ, ಬಟಾಣಿಯಷ್ಟು ದಪ್ಪದ ಒಂದು ಗುಂಡಿ ಇತ್ತು. ಅದನ್ನು ಒತ್ತಿದರೆ ಮೊದಲು ಬೆಳಕಿನ ಇಲಾಖೆ, ಆಮೇಲೆ ಬಣ್ಣದ ಇಲಾಖೆ, ಆಮೇಲೆ ಭಾಷೆ. ಒಂದು ಹಂತದಲ್ಲಿ ಪರದೆಯ ಮೇಲಿನ ಅಕ್ಷರಗಳೆಲ್ಲ ಯಾವುದೋ ದೂರದೇಶದ ಲಿಪಿಗೆ ತಿರುಗಿ ನಾನು ನನ್ನ ಮನೆಯಲ್ಲೇ ಅನಕ್ಷರಸ್ಥನಾದೆ. ಸಂಜೆಯ ಹೊತ್ತಿಗೆ ಎಲ್ಲಕ್ಕಿಂತ ಕೆಳಗೆ ಸದ್ದಿನ ಖಾತೆ ಸಿಕ್ಕಿತು.

ಇಷ್ಟು ಜ್ಞಾನ ನನ್ನಲ್ಲಿದ್ದೂ ಅವ್ವನ ಹಂಡೆ ಕೈತಪ್ಪಿಹೋಯಿತು.

ಅದು ತಾಮ್ರದ ನೀರೊಲೆ ಹಂಡೆ. ಅವ್ವ ಕುದೇರಿನಿಂದ ಭೀಮನಬೀಡಿಗೆ ಸೊಸೆಯಾಗಿ ಬಂದಾಗ ಎತ್ತಿನ ಗಾಡಿಯಲ್ಲಿ ಅವಳ ಪಕ್ಕ ಕೂತು ಬಂದದ್ದು. ಅದರ ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು ಕೊರೆಸಿದ್ದರು. ಅವ್ವ ಹೆಬ್ಬೆಟ್ಟಿನವಳು. ಪಹಣಿಯಲ್ಲಿ ಅಪ್ಪನ ಹೆಸರು, ಮದುವೆಯ ಕರೆಯೋಲೆಗಳಲ್ಲಿ ಅಪ್ಪನ ಹೆಸರು. ಅವಳ ಹೆಸರನ್ನು ಯಾರಾದರೂ ಅಕ್ಕರೆಯಿಂದ ಬರೆದಿದ್ದರೆ ಆ ತಾಮ್ರದ ಮೇಲೆ. ದೀಪಾವಳಿಗೆ ನೀರು ತುಂಬುವ ದಿನ ಹುಣಸೆಹಣ್ಣು ಹಾಕಿ ಬೆಳಗಿ, ಸುಣ್ಣದ ಪಟ್ಟೆ ಬಳಿದು, ಹಾಗಲಬಳ್ಳಿ ಸುತ್ತುತ್ತಿದ್ದಳು. ಆ ಹೊತ್ತು ಮಾತ್ರ ಅವಳ ಬೆರಳು ಚುಕ್ಕಿಗಳ ಮೇಲೆ ಓಡಾಡುತ್ತಿತ್ತು. ಓದು ಬಾರದವಳು ಓದುತ್ತಿದ್ದ ಒಂದೇ ಒಂದು ಸಾಲು ಅದು.

ಅವ್ವ ತೀರಿಕೊಂಡ ಮೇಲೆ ಹಂಡೆ ಭೀಮನಬೀಡಿನಲ್ಲೇ, ಅಣ್ಣನ ಮನೆಯಲ್ಲಿ ಉಳಿಯಿತು. ಬಚ್ಚಲಿಗೆ ಗೀಸರ್ ಬಂದಾಗ ಅದು ಹಿತ್ತಲಿಗೆ ಹೋಗಿ ದನದ ಬೂಸಾ ತುಂಬಿಕೊಂಡು ಕೂತಿತು. ಈಚೆಗೆ ನಮ್ಮ ಕಡೆ ಕೇರಳದ ವ್ಯಾಪಾರಿಗಳು ಬಂಡೀಪುರ ದಾಟಿ ಬಂದು ಹಳೆಯ ಬಾಗಿಲು, ಕಂಬ, ಕೊಪ್ಪರಿಗೆಗಳನ್ನು ಕೊಂಡೊಯ್ಯುತ್ತಾರೆ, ವಯನಾಡಿನ ರೆಸಾರ್ಟುಗಳ ಅಲಂಕಾರಕ್ಕೆ. ಕುದೇರಿನ ಒಂದು ಮದುವೆ ಊಟದಲ್ಲಿ ಪಕ್ಕದೆಲೆಯ ನೆಂಟರು ಸಾರು ಕಲಸುತ್ತಾ ಹೇಳಿದರು: "ನಿಮ್ಮಣ್ಣಾರ್ ಹಂಡೆ ಕೊಡ್ತಾವ್ರಂತಲ್ಲ. ಮಲಯಾಳಿಯಂವ ಬಂದು ತಟ್ಟಿ ನೋಡ್ಬುಟ್ಟು ಓದ. ಬರೋ ಶುಕ್ರವಾರ ಗಾಡಿ ತತ್ತಾನಂತೆ."

ಆ ಹಂಡೆಯನ್ನು ನನ್ನ ಮನೆಗೆ ತರಬೇಕೆಂದು ಅಲ್ಲೇ, ಪಾಯಸಕ್ಕೆ ಮುಂಚೆಯೇ, ನಿರ್ಧರಿಸಿದೆ.

ಇಲ್ಲಿ ನಮ್ಮ ಮನೆತನದ ಸದ್ದಿನ ನಿಯಮಗಳನ್ನು ಸ್ವಲ್ಪ ವಿವರಿಸಬೇಕು. ಅಪ್ಪನ ನಂತರ ಅಣ್ಣನೇ ಯಜಮಾನರು. ಯಜಮಾನರ ಮುಂದೆ ಕಿರಿಯರು ದನಿ ಎತ್ತುವಂತಿಲ್ಲ. ಮಾತಾಡಿ ಮುಗಿಸಿ "ಕೇಳಿಸ್ತಾ" ಎಂದು ವಿಚಾರಿಸುವುದಂತೂ ಮಹಾಪರಾಧ. ಅದು ಮಕ್ಕಳನ್ನು ಗದರಿಸುವಾಗ ಆಡುವ ಮಾತು. ಯಜಮಾನರಿಗೂ ಒಂದು ಕಟ್ಟುಪಾಡು ಉಂಟು: ಅವರು "ಏನಂದೆ" ಎಂದು ಎರಡನೆಯ ಸಲ ಕೇಳುವುದಿಲ್ಲ. ಹೇಳುವವನು ಹೇಳುತ್ತಿರುವಷ್ಟು ಹೊತ್ತೂ ತಲೆದೂಗಿ ಕೊನೆಯಲ್ಲಿ "ಆಯ್ತು ಬುಡು" ಅನ್ನುತ್ತಾರೆ. ಮದುವೆ ನಿಶ್ಚಯವಾಯಿತೆಂದರೂ ಆಯ್ತು ಬುಡು, ಪಂಪಿನ ಮೋಟಾರು ಸುಟ್ಟಿತೆಂದರೂ ಆಯ್ತು ಬುಡು. ಅದು ಅಪ್ಪಣೆ, ಸಾಂತ್ವನ, ಅಂತಿಮ ತೀರ್ಪು, ಎಲ್ಲವೂ.

ಫೋನಿನಲ್ಲಿ ಹೇಳೋಣವೆಂದರೆ ಅಣ್ಣ ಫೋನೆತ್ತುವುದೇ ಟೀ ಅಂಗಡಿಯ ಮುಂದೆ, ಲೌಡ್‌ಸ್ಪೀಕರಿಗೆ ಹಾಕಿ, ಊರೆಲ್ಲ ಕೇಳುವ ಹಾಗೆ. ಅವ್ವನ ವಿಷಯವನ್ನು ಹಾಗೆ ಹೇಳಲಾರೆ. ಅಣ್ಣನ ಮಗ ಗುಂಡ್ಲುಪೇಟೆಯಲ್ಲಿ ಶಾಲೆ ಮೇಷ್ಟರು. ಅವನು ಪಾಠ ತಯಾರಿಸಲು ಲ್ಯಾಪ್‌ಟಾಪಿಗೆ ಹೊಸ ಮಾನಿಟರ್ ಹಾಕಿಸಿ ಭೀಮನಬೀಡಿನ ಮನೆಯ ನಡುಮನೆಯಲ್ಲಿಟ್ಟಿದ್ದ. ಅತ್ತಿಗೆಗೆ ಹೇಳಿ, ಭಾನುವಾರ ಮಧ್ಯಾಹ್ನ ವಿಡಿಯೋ ಕರೆಗೆ ಅಣ್ಣನನ್ನು ಅದರ ಮುಂದೆ ಕೂರಿಸಲು ಕೇಳಿಕೊಂಡೆ.

ಅಣ್ಣ ಹೆಗಲ ಮೇಲೆ ಟವೆಲ್ ಸರಿಮಾಡಿಕೊಂಡು, ಫೋಟೋಗೆ ಕೂತವರಂತೆ ಕೂತಿದ್ದರು. ನಾನು ಎದ್ದು ನಿಂತು ಕೈಮುಗಿದು ಶುರುಮಾಡಿದೆ. ಹಂಡೆ ಕೊಡಬೇಡಿ ಅಣ್ಣ, ಬರುವ ಭಾನುವಾರ ನಾನೇ ಬಂದು ಒಯ್ಯುತ್ತೇನೆ, ಅವ್ವನ ಹೆಸರಿದೆ, ನಮ್ಮ ಮನೆ ಚಿಕ್ಕದಾದರೂ ಅದಕ್ಕೊಂದು ಮೂಲೆ ಇದೆ ಎಂದು ವಿಜ್ಞಾಪಿಸಿದೆ. ಅಣ್ಣ ಗಂಭೀರವಾಗಿ ತಲೆದೂಗುತ್ತಿದ್ದರು. ಅತ್ತಿಗೆಯ ಬಳೆ ತೊಟ್ಟ ಕೈ ಅಡ್ಡ ಬಂದು ಕೀಬೋರ್ಡಿನ ಮೇಲೆ ಏನನ್ನೋ ಒತ್ತಿ ಒತ್ತಿ ಹಿಂದೆ ಹೋಯಿತು. ದೂಳು ಒರೆಸುತ್ತಿರಬೇಕು ಅಂದುಕೊಂಡೆ.

"ಆಯ್ತು ಬುಡು," ಅಂದರು ಅಣ್ಣ. "ನೀ ವೊತ್ಗೆ ಸರಿಯಾಗಿ ಉಣ್ಣು. ಇಳ್ದೋಗಿದ್ದೀಯ."

ನನ್ನ ಬಾಳಿನಲ್ಲಿ ಯಾವ ಅರ್ಜಿಯೂ ಅಷ್ಟು ಸಲೀಸಾಗಿ ಮಂಜೂರಾಗಿರಲಿಲ್ಲ.

ಮುಂದಿನ ಭಾನುವಾರ ಹಗ್ಗ, ಗೋಣಿಚೀಲ ಹಿಡಿದು ತೆರಕಣಾಂಬಿ ಮಾರ್ಗದ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋಗಿ, ಅಲ್ಲಿಂದ ಒಂದು ಲಗೇಜ್ ಆಟೋ ಗೊತ್ತುಮಾಡಿಕೊಂಡು ಭೀಮನಬೀಡು ಸೇರಿದೆ. ನೇರ ಹಿತ್ತಲಿಗೆ ಹೋದರೆ ಬೂಸಾ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿತ್ತು. ಪಕ್ಕದಲ್ಲಿ ಹುಲ್ಲು ಹುಟ್ಟದ ದುಂಡನೆಯ ಜಾಗ.

"ಹಂಡೆ ಎಲ್ಲಣ್ಣ?"

"ಕೊಟ್ಬುಟ್ಟೆ ಕಣ್ಲಾ, ಶುಕ್ರವಾರ," ಅಂದರು ಅಣ್ಣ. ಸ್ವಲ್ಪ ಹೆಮ್ಮೆಯಿಂದಲೇ ಫೋನ್ ತೆಗೆದರು. "ನೋಡು, ಆಗ್ಲೇ ಪೋಟ ಕಳ್ಸವ್ನೆ. ಎಂಗ್ ಮಾಡವ್ರೆ."

ರೆಸಾರ್ಟಿನ ಬಾಗಿಲಲ್ಲಿ ಹಂಡೆ ಕೂತಿತ್ತು. ಒಳಗೆ ಒಂದು ಅಲಂಕಾರದ ಗಿಡ. ನೀರು ಬಸಿಯಲಿ ಎಂದು ತಳಕ್ಕೆ ತೂತು ಕೊರೆದಿದ್ದಾರಂತೆ. ಮಷೀನಿಗೆ ಕೊಟ್ಟು ಪಾಲಿಶ್ ಮಾಡಿಸಿದ್ದರು. ನಾನು ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ಕಂಠದ ಸುತ್ತ ಹುಡುಕಿದೆ. ಕನ್ನಡಿಯ ಹಾಗೆ ನುಣುಪಾಗಿತ್ತು. ಒಂದು ಚುಕ್ಕಿಯೂ ಉಳಿದಿರಲಿಲ್ಲ.

ನಾನು ಫೋನ್ ಹಿಂತಿರುಗಿಸಲು ತಡಮಾಡಿದ್ದು ಅತ್ತಿಗೆಯ ಕಣ್ಣಿಗೆ ಬಿತ್ತು.

"ಅವತ್ತು ನೀವು ಟೀವಿಲಿ ಬಂದು ಮಾತಾಡುದ್ರಲ್ಲ," ಅಂದರು, "ಒಂದು ಸೊಲ್ಲೂ ಕೇಳ್ನಿಲ್ಲ ಕಣ್ರಪ್ಪ. ನಾನೂ ಸೌಂಡ್ ಗುಂಡಿ ಒತ್ತಿ ಒತ್ತಿ ನೂರ್ಗಂಟ ತಂದೆ. ಬರೀ ಬಾಯಾಡ್ತಿತ್ತು."

"ಸುಮ್ಕಿರಮ್ಮಿ," ಅಂದರು ಅಣ್ಣ. "ಒಸಿ ಒಸಿ ಕೇಳ್ತಿತ್ತು."

"ಏನ್ ಕೇಳ್ತಿತ್ತು, ಯೋಳಿ ನೋಡನ."

ಅಣ್ಣ ಟವೆಲನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡರು.

ನಾನು ನಡುಮನೆಗೆ ಹೋಗಿ ಮಾನಿಟರಿನ ಹಿಂದೆ ಬೆರಳಾಡಿಸಿದೆ. ಗುಂಡಿ ಸಿಕ್ಕಿತು. ಬೆಳಕು, ಬಣ್ಣ, ಭಾಷೆ, ಕೊನೆಗೆ ಸದ್ದು. ಸೊನ್ನೆ. ಅಣ್ಣನ ಮಗ ಮೇಷ್ಟರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಕೆಲಸ ಮಾಡುವವರು. ಮಾನಿಟರ್ ಬಾಯಿ ಬಿಡಬೇಕಾದ ಪ್ರಸಂಗವೇ ಅವರಿಗೆ ಬಂದಿರಲಿಲ್ಲ. ಅರ್ಧಕ್ಕೆ ಏರಿಸಿ ಕೀಬೋರ್ಡ್ ಮುಟ್ಟಿದೆ. 'ಟಿಣ್' ಎಂದು ಮನೆಯೆಲ್ಲ ಮೊಳಗಿತು. ಅತ್ತಿಗೆ ಬೆಚ್ಚಿ ಗೋಡೆ ಹಿಡಿದುಕೊಂಡರು.

"ಬೆನ್ನಲ್ಲಿ ಇನ್ನೊಂದು ಗುಂಡಿ ಮಡ್ಗವ್ರಾ," ಅಂದರು ಅಣ್ಣ ಬಗ್ಗಿ ನೋಡುತ್ತಾ. ಆಮೇಲೆ, ನಾನು ಕಂಡ ಹಾಗೆ ಮೊದಲ ಸಲ, ಯಜಮಾನರು ಕೇಳಿದರು: "ಅವತ್ತು ಏನಂದೆ ನೀನು?"

ಹೇಳಬಹುದಾಗಿತ್ತು. ಹೇಳಿದ್ದರೆ ಅವರು ಅಂದೇ ಕೇರಳದವನಿಗೆ ಫೋನ್ ಮಾಡಿ ಹಂಡೆ ವಾಪಸ್ ತರಿಸುತ್ತಿದ್ದರು. ತಳ ತೂತಾದ, ಹೆಸರಳಿಸಿದ ಹಂಡೆಯನ್ನು. ಅದನ್ನು ನೋಡುತ್ತಾ ಅವರು ಉಳಿದ ಕಾಲ ಕಳೆಯಬೇಕಾಗುತ್ತಿತ್ತು.

"ಉಂಡ್ರಾ, ಚೆನ್ನಾಗಿದ್ದೀರಾ ಅಂತ ಕೇಳ್ದೆ ಅಣ್ಣ."

"ಅದ್ಕೆ ಅಷ್ಟೊತ್ತು ಬೇಕಾಯ್ತಾ?"

ಹೊರಗೆ ಲಗೇಜ್ ಆಟೋದವನು ಬೇಸತ್ತು ಹಾರನ್ ಮಾಡಿದ. ಅಣ್ಣ ಕಿಟಕಿಯಿಂದ ಖಾಲಿ ಆಟೋ ನೋಡಿದರು, ಜಗಲಿಯ ಮೇಲಿದ್ದ ನನ್ನ ಹಗ್ಗ ನೋಡಿದರು.

ಬಾಡಿಗೆ ಕೊಟ್ಟು ಆಟೋ ಕಳಿಸಿ ನಾನು ಊಟಕ್ಕೆ ಕೂತಾಗ ಅಣ್ಣ ಅತ್ತಿಗೆಯ ಕೈಯಿಂದ ಸೌಟು ಇಸಿದುಕೊಂಡು ನನ್ನ ತಟ್ಟೆಗೆ ಅವರೇ ಸಾರು ಬಡಿಸಿದರು. ಬಸ್ ನಿಲ್ದಾಣದವರೆಗೂ ಬಂದರು. ಯಜಮಾನರು ಕಿರಿಯರನ್ನು ಬಸ್ಸು ಹತ್ತಿಸಲು ಬರುವ ಪದ್ಧತಿ ನಮ್ಮಲ್ಲಿಲ್ಲ. ಬಸ್ಸು ಕಾಣಿಸಿಕೊಂಡಾಗ ರಸ್ತೆಯ ಕಡೆ ನೋಡುತ್ತಾ ಅಂದರು: "ಆ ರೆಸಾರ್ಟು ವಯನಾಡಿನ ಬತ್ತೇರಿತಾವು ಅದಂತೆ. ಒಂದಿನ ಓಗ್ಬರನ. ಸುಮ್ಕೆ ನೋಡ್ಕಂಡು ಬರನ."

"ಆಯ್ತಣ್ಣ," ಅಂದೆ.

ಇನ್ನೂ ಹೋಗಿಲ್ಲ. ಈಗ ಭಾನುವಾರಗಳಂದು ಅಣ್ಣ ತಾವಾಗಿಯೇ ಮಾನಿಟರಿನ ಮುಂದೆ ಬಂದು ಕೂರುತ್ತಾರೆ. ಅರಿಶಿನದ ಬೆಲೆ, ಆನೆ ದಾಟಿದ ತೋಟ, ಮೊಮ್ಮಗಳ ಕೆಮ್ಮು, ಎಲ್ಲ ಮಾತಾಡುತ್ತೇವೆ. ಸದ್ದು ಎರಡೂ ಕಡೆ ಸ್ಪಷ್ಟವಾಗಿದೆ, ಅವರು ಉಸಿರು ಬಿಡುವುದೂ ಕೇಳಿಸುತ್ತದೆ. ಹಂಡೆಯ ಮಾತನ್ನು ಮಾತ್ರ ಅವರೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.