ಅಪ್ಪನ ಹಣೆಯ ಬೂದಿ

ನಾನು ಚಿಕ್ಕವನಿದ್ದಾಗ ನಮ್ಮಪ್ಪನ ಮಾತೆಂದರೆ ನನಗೆ ದೇವರ ಮಾತಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು. ಹಾಗೆ ನಂಬಿದ್ದೇ ನನಗೆ ಮುಳುವಾಯಿತು, ಮಕ್ಕಳೇ. ಸಿಂದಗಿ ಸೀಮೆಯ ನಮ್ಮ ಹಳ್ಳಿಯಲ್ಲಿ ಆಗ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಊರ ತುದಿಗೆ ಹೆಂಚಿನ ಪುಟ್ಟ ಚರ್ಚು ಇತ್ತು. ಫಾದರ್ ಇಂಡಿ ಪಟ್ಟಣದಿಂದ ಆಗೊಮ್ಮೆ ಈಗೊಮ್ಮೆ ಬರುತ್ತಿದ್ದರು. ಅವರಿಲ್ಲದಾಗ ಜನರಿಗೆ ಪ್ರಾರ್ಥನೆ ಹೇಳಿಸುತ್ತಿದ್ದವನು ಅಪ್ಪ. ಪ್ರಾರ್ಥನೆಯಲ್ಲಿ ಮುಂದೆ ನಿಂತು ಹಾಡು ಎತ್ತಿಕೊಡುತ್ತಿದ್ದವಳು ಅಕ್ಕ.

ಆ ವರ್ಷ ಕ್ರಿಸ್‌ಮಸ್ ಮುಗಿದ ಮೇಲೆ ಅಪ್ಪ ಮಾತೆ ಮರಿಯಳ ಪ್ರತಿಮೆಯ ಧೂಳು ಒರೆಸುತ್ತಿದ್ದ. ನಾನೂ ಅಕ್ಕನೂ ಕಸ ಗುಡಿಸುತ್ತಿದ್ದೆವು. ಅಪ್ಪನ ಮೊಳಕೈ ತಗುಲಿ ಪ್ರತಿಮೆ ವಾಲಿತು, ಒಂದು ಕೈ ಮುರಿದು ನೆಲಕ್ಕೆ ಬಿತ್ತು. ಸದ್ದು ಕೇಳಿ ಹೆಂಗಸರು ಓಡಿ ಬಂದರು. ಅಪ್ಪನ ಮುಖ ಬಿಳಿಚಿತ್ತು. "ಹುಡುಗಿ ಕೈ ತಾಕ್ತು" ಎಂದುಬಿಟ್ಟ. ಅಕ್ಕ ಪೊರಕೆ ಹಿಡಿದು ನಿಂತಲ್ಲೇ ನಿಂತಳು.

ಮುಂದಿನ ಭಾನುವಾರದಿಂದ ಅಕ್ಕನಿಗೆ ಹಾಡು ಎತ್ತಲು ಬಿಡಲಿಲ್ಲ. ದೇವರ ತಾಯಿಯ ಕೈ ಮುರಿದವಳು ಮುಂದೆ ನಿಲ್ಲಬಾರದು ಎಂದರು ಹಿರಿಯರು. ಮನೆಯಲ್ಲಿ ಅಕ್ಕ ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಾಗ ಅಪ್ಪ ಅವಳ ತಲೆ ಸವರಿ, "ಬೂದಿ ಬುಧವಾರ ಎಲ್ಲಾರ ಮುಂದ ನಾನ ಹೇಳ್ತೇನಿ. ಅಲ್ಲೀತನಕ ತಡ್ಕೋ, ನನ್ನವ್ವಾ" ಎಂದ. ಅಕ್ಕ ಕಣ್ಣೊರೆಸಿಕೊಂಡಳು. ನಾನಂತೂ ಆ ದಿನಕ್ಕೆ ಹಬ್ಬಕ್ಕೆ ಕಾಯುವಂತೆ ಕಾದೆ.

ಬೂದಿ ಬುಧವಾರವೆಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ಕಾಲ ಶುರುವಾಗುವ ದಿನ. ಹಿಂದಿನ ವರ್ಷ ಗರಿಗಳ ಭಾನುವಾರದ ಮೆರವಣಿಗೆಯಲ್ಲಿ ಹಿಡಿದ ಈಚಲು ಗರಿಗಳನ್ನು ಮನೆಮನೆಯಿಂದ ತಂದು ಸುಟ್ಟು, ಆ ಬೂದಿಯನ್ನು ಹಳೆಯ ಧೋತರದಲ್ಲಿ ಸೋಸುತ್ತಿದ್ದೆವು. ಹಣೆಯ ಮೇಲೆ ಅದರಿಂದ ಫಾದರ್ ಶಿಲುಬೆ ಗುರುತು ಹಾಕುತ್ತಿದ್ದರು. ಮೂರು ಬೆರಳಿನ ವಿಭೂತಿ ಹಚ್ಚುವ ನೆರೆಯವರು, "ಇವತ್ತ ನೀವೂ ನಮ್ಮಂಗ ಆದ್ರಿ ನೋಡ್ರಿ" ಎಂದು ನಗುತ್ತಿದ್ದರು. ನಮ್ಮೂರಿನಲ್ಲಿ ಇನ್ನೊಂದು ರೂಢಿಯೂ ಇತ್ತು. ಬೂದಿ ಹಚ್ಚಿಸಿಕೊಂಡವರು ಚರ್ಚಿನ ಬಾಗಿಲಲ್ಲಿ ನಿಂತು, ಯಾರಿಗೆ ಏನು ಅನ್ಯಾಯ ಮಾಡಿದ್ದರೋ ಅದನ್ನು ಬಾಯಿಬಿಟ್ಟು ಹೇಳಿ, ಅವರಿಗೆ ಕೈಮುಗಿಯಬೇಕು.

ಆ ಬೆಳಗ್ಗೆ ಹೊಲಗಳಿಂದ ಕಟಾವಾದ ಜೋಳದ ವಾಸನೆ ಬರುತ್ತಿತ್ತು. ಅಕ್ಕ ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಹೆರಳು ಹಾಕಿಕೊಂಡು ಬಂದಿದ್ದಳು. ಅವಳ ಮುಖ ನೋಡಿದರೆ ಉಪವಾಸದ ದಿನದ ಮುಖ ಅನ್ನಿಸುತ್ತಿರಲಿಲ್ಲ. ಒಬ್ಬ ಮುದುಕ ಬಾಗಿಲಲ್ಲಿ ನಿಂತು, ಬದುವಿನ ಕಲ್ಲು ಸರಿಸಿದ್ದು ತಾನೇ ಎಂದು ತಮ್ಮನಿಗೆ ಕೈಮುಗಿದ. ಒಬ್ಬಳು ಸೊಸೆ ಅತ್ತೆಯ ಮುಂದೆ ಸೆರಗೊಡ್ಡಿದಳು. ಆಮೇಲೆ ಅಪ್ಪ ಎದ್ದ. ಅಕ್ಕ ನನ್ನ ಕೈ ಅದುಮಿ ಹಿಡಿದಳು.

ಅಪ್ಪ ಹೊಸ್ತಿಲ ಮೇಲೆ ಮೊಣಕಾಲೂರಿದ. ಎದೆ ಎದೆ ಬಡಿದುಕೊಂಡ. "ನಾ ದೊಡ್ಡ ಪಾಪಿ ಅದೇನಿ, ನನ್ನಂಥಾ ಪಾಪಿ ಯಾರೂ ಇಲ್ಲ" ಎಂದು ಗಳಗಳ ಅತ್ತ. ಹೆಂಗಸರೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಯಾವ ಪಾಪ ಎಂದು ಮಾತ್ರ ಅಪ್ಪ ಹೇಳಲಿಲ್ಲ. ಮೇಲೆದ್ದು ಎಲ್ಲರಿಗೂ ಒಟ್ಟಿಗೆ ಕೈಮುಗಿದು ಹೊರಗೆ ನಡೆದ. "ಪಶ್ಚಾತ್ತಾಪ ಅಂದ್ರ ಇಂಥಾದ್ದು" ಎಂದರು ಹಿರಿಯರು. ಅಕ್ಕನ ಹಿಡಿತ ಸಡಿಲವಾಯಿತು.

ನನಗೆ ಮೈ ಉರಿಯಿತು. ಅಷ್ಟು ಕಣ್ಣೀರು ಸುರಿಸಿದ ಮನುಷ್ಯನಿಗೆ ಒಂದೇ ಒಂದು ಮಾತು ಭಾರವಾಯಿತಲ್ಲ. ಅಪ್ಪ ಅವತ್ತು ಊಟ ಬಿಟ್ಟ, ಬರಿಗಾಲಲ್ಲಿ ಊರೆಲ್ಲ ಓಡಾಡಿದ, ಹಣೆಯ ಬೂದಿಗೆ ಬೆವರು ತಾಗದಂತೆ ನೋಡಿಕೊಂಡ.

ಅಪ್ಪ ಮನೆಗೆ ಬಂದಾಗ ಅಕ್ಕ ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದಳು. "ಯಪ್ಪಾ, ಹಣಿ ತೊಳ್ಕೋ" ಎಂದಳು.

"ಬೂದಿ ತೊಳೀಬಾರದವ್ವಾ, ತಾನಾಗೇ ಹೋಗಬೇಕು."

"ಹೇಳ್ತೇನಿ ಅಂದಿದ್ದಿ."

ಅಪ್ಪ ಅವಳ ಕಡೆ ನೋಡಲಿಲ್ಲ. "ಫಾದರ್ ಹತ್ರ ಪಾಪನಿವೇದನೆ ಮಾಡೇನಿ. ದೇವರು ಕ್ಷಮಿಸ್ಯಾನ. ಅದು ಮುಗೀತು."

"ದೇವರು ಕ್ಷಮಿಸಿರಬೇಕು" ಎಂದಳು ಅಕ್ಕ, ಮೆತ್ತಗೆ. "ಊರಾಗ ಮೂರ್ತಿ ಕೈ ಮುರದಾಕಿ ಇನ್ನೂ ನಾನ ಅದೇನಿ."

ಅಕ್ಕ ತಂಬಿಗೆಯ ನೀರನ್ನು ಕರಿಬೇವಿನ ಗಿಡಕ್ಕೆ ಸುರಿದು ಒಳಗೆ ಹೋದಳು. ಆ ವರ್ಷವೂ ಅಪ್ಪ ಹೇಳಲಿಲ್ಲ, ಮುಂದೆಂದೂ ಹೇಳಲಿಲ್ಲ. ಅಕ್ಕ ಚರ್ಚಿನಲ್ಲಿ ಮತ್ತೆ ಬಾಯಿ ತೆರೆಯಲೇ ಇಲ್ಲ. ಅಪ್ಪನನ್ನು ನಾನು ಪ್ರೀತಿಸಿದೆ. ಆದರೆ ಅವನ ಮಾತನ್ನು ಮತ್ತೆ ನಂಬಲಿಲ್ಲ. ಈ ವಯಸ್ಸಿನಲ್ಲೂ ಅದನ್ನು ನೆನೆದರೆ ಸಿಟ್ಟು ಬರುತ್ತದೆ.

ಬೂದಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಪ್ರತಿ ವರ್ಷ ನಾನೂ ಹಚ್ಚಿಸಿಕೊಳ್ಳುತ್ತೇನೆ. ಉಪವಾಸ, ಕಣ್ಣೀರು, ಮೊಣಕಾಲೂರುವುದು, ಎಲ್ಲವೂ ನಮ್ಮನ್ನು, ನಾವು ಯಾರನ್ನು ನೋಯಿಸಿದ್ದೇವೋ ಅವರ ಬಳಿಗೆ ಹೊರಡಿಸಬೇಕು. ಅಪ್ಪ ಹೊಸ್ತಿಲವರೆಗೆ ಹೋಗಿ, ಅಲ್ಲೇ ನಿಂತುಬಿಟ್ಟ.

ನಮ್ಮ ಕಾಲದಲ್ಲಿ ಬಾಗಿಲುಗಳು ಹಗಲೆಲ್ಲ ತೆರೆದೇ ಇರುತ್ತಿದ್ದವು. ಕಟ್ಟೆಯ ಮೇಲೆ ನಿಂತು ಒಂದು ಮಾತು ಹೇಳಿದರೆ ಸಾಕು, ಊರಿಗೇ ಕೇಳುತ್ತಿತ್ತು. ಅಷ್ಟು ಸುಲಭವಿದ್ದಾಗಲೂ ಅಪ್ಪನಿಂದ ಆಗಲಿಲ್ಲ. ನಿಮ್ಮ ಕಾಲದಲ್ಲಿ ಬಾಗಿಲುಗಳು ಮುಚ್ಚಿರುತ್ತವೆ, 'ಸಾರಿ' ಎನ್ನುವುದು ಫೋನಿನಲ್ಲಿ ಬೆರಳ ತುದಿಯಲ್ಲೇ ಮುಗಿದುಹೋಗುತ್ತದೆ. ಕಳಿಸಿ, ಬೇಡ ಅನ್ನುವುದಿಲ್ಲ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಅವರ ಮನೆಗೆ ಹೋಗಿ. ಬೆಲ್ ಒತ್ತಿ. ಬಾಗಿಲು ತೆರೆಯುವವರೆಗೆ ನಿಂತಿರಿ.