ಅದ್ರಾಮಾಕ ಹೊಡೆಯಲಿಲ್ಲ

ಅದ್ರಾಮಾಕ ಸುತ್ತಿಗೆಗಳನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತಿದ್ದರು. ಸ್ಪ್ಯಾನರು, ಸ್ಕ್ರೂಡ್ರೈವರು, ಗರಗಸ ಎಲ್ಲ ಗೋಡೆಯ ಮೇಲೆ ತೆರೆದೇ ನೇತಾಡುತ್ತಿದ್ದವು, ಯಾರು ಬೇಕಾದರೂ ತೆಗೆದುಕೊಳ್ಳಬಹುದಿತ್ತು. ಸುತ್ತಿಗೆ ಬೇಕೆಂದರೆ ಮಾತ್ರ ಅವರೆದುರು ನಿಂತು ಕಾರಣ ಹೇಳಬೇಕು. ಹೇಳಿದ ಮೇಲೂ ಹೆಚ್ಚಿನ ಸಲ ಕೊಡುತ್ತಿರಲಿಲ್ಲ. "ತಲೆ ಓಡದವನಿಗೆ ಕೈ ಓಡ್ತದೆ ಮಾರಾಯ. ಸ್ವಲ್ಪ ಕೂತ್ಕೋ, ಚಾ ಕುಡಿ. ಆಮೇಲೂ ಬೇಕು ಅಂತ ಕಂಡ್ರೆ ಬಾ" ಎನ್ನುತ್ತಿದ್ದರು. ಚಾ ಕುಡಿದ ಮೇಲೆ ಯಾರಿಗೂ ಬೇಕಾಗುತ್ತಿರಲಿಲ್ಲ.

ಸೌದಿಯ ರಾಸ್ ತನೂರಾದ ಹತ್ತಿರ, ಮೀನುಗಾರರ ದೋಣಿಗಳು ನಿಲ್ಲುವ ಧಕ್ಕೆಯ ಪಕ್ಕದಲ್ಲಿದ್ದ ದೋಣಿ ರಿಪೇರಿಯ ಶೆಡ್ಡು ಅದು. ಅವರು ಅಲ್ಲಿ ಮೋಟಾರು ಮೆಕ್ಯಾನಿಕ್, ನಾನು ಸ್ಟೋರ್‌ಕೀಪರ್. ಅವರು ಉಳ್ಳಾಲದವರು, ಮನೆಮಾತು ಬ್ಯಾರಿ. ನಾನು ಭಟ್ಕಳದವನು, ನನ್ನದು ನವಾಯತಿ. ನಮ್ಮಿಬ್ಬರ ನಡುವೆ ಇದ್ದದ್ದು ಕನ್ನಡವೇ. ನನ್ನ ಹೆಸರು ಹಿಡಿದು ಅವರು ಒಂದು ದಿನವೂ ಕರೆದವರಲ್ಲ. "ಏ ಭಟ್ಕಳ, ನಿಮ್ಮವರಿಗೆ ಅಂಗಡಿ ಒಳಗೆ ಎಂತ ಉಂಟು ಅಂತ ಪೂರಾ ಗೊತ್ತು. ಅಂಗಡಿ ಹೊರಗೆ ಎಂತ ಉಂಟು ಅಂತ ಗೊತ್ತುಂಟಾ?" ಎಂದು ಕೆಣಕುತ್ತಿದ್ದರು. ಅವರು ಓದಿದ್ದು ಐದನೇ ಕ್ಲಾಸು. ಊರಿಂದ ಬಂದವರ ಸಾಮಾನಿಗೆ ಸುತ್ತಿದ ಹಳೆಯ ಕನ್ನಡ ಪೇಪರನ್ನು ಬಿಡಿಸಿ, ಇಸ್ತ್ರಿ ಮಾಡಿದ ಹಾಗೆ ಅಂಗೈಯಿಂದ ನೇವರಿಸಿ, ಊಟವಾದ ಮೇಲೆ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತಿದ್ದರು. ನಿಧನವಾರ್ತೆಯನ್ನೂ ಬಿಡುತ್ತಿರಲಿಲ್ಲ.

ಸುತ್ತಿಗೆಯ ಮೇಲೆ ಅಷ್ಟು ಕೋಪ ಯಾಕೆಂದು ಒಮ್ಮೆ ಕೇಳಿದ್ದೆ. ಮಲ್ಪೆಯಲ್ಲಿ ಕೆಲಸ ಕಲಿಯುವಾಗ ಕಚ್ಚಿಕೊಂಡ ಪ್ರೊಪೆಲ್ಲರಿಗೆ ಅವರು ಒಂದೇ ಒಂದು ಪೆಟ್ಟು ಹಾಕಿದ್ದರಂತೆ. ಪ್ರೊಪೆಲ್ಲರ್ ಬಂತು, ಎಲ್ಲರೂ ಬೆನ್ನು ತಟ್ಟಿದರು. ಎರಡು ತಿಂಗಳ ನಂತರ ಆ ದೋಣಿಯ ಗೇರು ಕಡಲ ನಡುವೆ ಮುರಿಯಿತು. ನಾಲ್ಕು ಜನ ಒಂದು ಹಗಲು ಪೂರಾ ಕುಡಿಯುವ ನೀರಿಲ್ಲದೆ ತೇಲಿದರು. "ಪೆಟ್ಟು ಹೊಡೆದವ ಮರೀತಾನೆ. ಕಬ್ಬಿಣ ಮರೆಯೂದಿಲ್ಲ" ಎಂದರು.

ಅವರದ್ದು ಇನ್ನೊಂದು ಕಟ್ಟುಪಾಡಿತ್ತು. ಪ್ರೊಪೆಲ್ಲರನ್ನು ಮತ್ತೆ ಕೂರಿಸುವ ಮೊದಲು ಶಾಫ್ಟಿಗೆ ನೀಲಿ ಗ್ರೀಸು ಹಚ್ಚಬೇಕಲ್ಲ, ಅದನ್ನು ಅವರು ಹಚ್ಚುತ್ತಿರಲಿಲ್ಲ. ದೋಣಿಯ ಯಜಮಾನನೇ ತನ್ನ ಬೆರಳಿನಿಂದ ಹಚ್ಚಬೇಕು. ಬಂದವನು ಮೀನುಗಾರನಿರಲಿ, ಇಸ್ತ್ರಿ ಮುರಿಯದ ಬಿಳಿ ತೋಬು ತೊಟ್ಟ ಶೇಖನಿರಲಿ, ಗ್ರೀಸಿನ ಡಬ್ಬಿ ಎದುರಿಗೆ ಹಿಡಿದು "ಯಲ್ಲಾ", ಹೂಂ ನಡಿ, ಎನ್ನುತ್ತಿದ್ದರು. ಅಂಥ ಒಬ್ಬ ಶೇಖ ರೇಗಿದ, ಕೂಗಾಡಿದ, ಒಂದು ಗಂಟೆ ಕಾರಿನ ಏಸಿಯಲ್ಲಿ ಕೂತು ಸೆಟೆದುಕೊಂಡ. ಅದ್ರಾಮಾಕ ಡಬ್ಬಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೇ ಇದ್ದರು. ಕೊನೆಗೆ ಆ ಮನುಷ್ಯ ತೋಳು ಮೇಲೇರಿಸಿಕೊಂಡು ಬಂದು ಹಚ್ಚಿ, ನೀಲಿಯಾದ ಬೆರಳು ನೋಡಿ ನಕ್ಕುಬಿಟ್ಟ. "ನಾನು ಹಚ್ಚಿದ್ರೆ ಅವ ನಾಳೆಗೇ ಮರೀತಾನೆ. ತನ್ನ ಬೆರಳು ಹಾಳಾದದ್ದು ಯಾವ ದೊಡ್ಡ ಮನುಷ್ಯನೂ ಮರೆಯೂದಿಲ್ಲ" ಎಂಬುದು ಅವರ ಲೆಕ್ಕ.

ಇಂಥವರಿಗೂ ಫೋರ್‌ಮನ್‌ಗೂ ಎಣ್ಣೆ-ಸೀಗೆಕಾಯಿ ಎಂದು ಬೇರೆ ಹೇಳಬೇಕೇ? ಫೋರ್‌ಮನ್ ನಮ್ಮ ದೇಶದವನೇ, ನಮ್ಮ ಭಾಷೆಯವನಲ್ಲ. ಅವನಿಗೆ ಎಲ್ಲವೂ ಇವತ್ತೇ ಆಗಬೇಕು.

ಒಂದು ದಿನ ಕಫೀಲರ ಅಳಿಯನ ದೋಣಿ ಬಂತು. ಕಫೀಲರು ಎಂದರೆ ಶೆಡ್ಡಿನ ಯಜಮಾನರು, ವಯಸ್ಸಾದವರು. ದೋಣಿಯ ಪ್ರೊಪೆಲ್ಲರಿನ ಹಿಂದೆ ಗಾಳದ ನೈಲಾನು ದಾರ ಸುತ್ತಿಕೊಂಡು ಸೀಲನ್ನು ಕತ್ತರಿಸಿತ್ತು. ಗೇರಿನ ಎಣ್ಣೆಗೆ ಉಪ್ಪುನೀರು ಸೇರಿ ಮಜ್ಜಿಗೆಯ ಹಾಗೆ ಬೆಳ್ಳಗಾಗಿತ್ತು. ಸೀಲು ಬದಲಿಸಬೇಕಾದರೆ ಪ್ರೊಪೆಲ್ಲರ್ ಹೊರಗೆ ಬರಬೇಕು. ನಾಲ್ಕು ವರ್ಷ ಯಾರೂ ಅದಕ್ಕೆ ಗ್ರೀಸು ತೋರಿಸಿರಲಿಲ್ಲ. ಪಿನ್ನು ಬಂತು, ನಟ್ಟು ಬಂತು, ಪ್ರೊಪೆಲ್ಲರ್ ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ.

"ಗ್ಯಾಸ್ ಹಿಡಿ, ಇಲ್ಲವೇ ಹೊಡಿ. ಸಂಜೆಗೆ ಕೊಡ್ತೇನೆ ಅಂತ ಹೇಳಿದ್ದೇನೆ" ಎಂದು ಫೋರ್‌ಮನ್ ಹಿಂದಿಯಲ್ಲಿ ಕೂಗಿದ. ಅದ್ರಾಮಾಕ ನನ್ನ ಕಡೆ ತಿರುಗಿ, "ಇದರ ಒಳಗೆ ರಬ್ಬರ್ ಉಂಟು, ಬೆಂಕಿ ಹಿಡಿದ್ರೆ ಸುಡ್ತದೆ. ಇವನ ತಲೆ ಒಳಗೆ ಎಂತ ಉಂಟು ಅಂತ ಕೇಳು" ಎಂದರು. ತುಕ್ಕು ಬಿಡಿಸುವ ಎಣ್ಣೆ ಹೊಡೆದು, ದೋಣಿಯ ಟ್ರೈಲರನ್ನು ತಳ್ಳಿಸಿ, ಪ್ರೊಪೆಲ್ಲರ್ ನಡುಮಧ್ಯಾಹ್ನದ ಸೂರ್ಯನಿಗೆ ಮುಖ ಮಾಡುವಂತೆ ನಿಲ್ಲಿಸಿದರು. ರೆಕ್ಕೆಗಳ ನಡುವಿನ ಗುಂಡು ಭಾಗಕ್ಕೆ ಕಪ್ಪು ಬಟ್ಟೆ ಸುತ್ತಿ ಅದರ ಮೇಲೆ ಕುದಿಯುವ ನೀರು ಹೊಯ್ದರು. ಶಾಫ್ಟಿನ ತುದಿಗೆ ಐಸಿನ ಚೀಲ ಕಟ್ಟಿದರು. "ಹೊರಗಿನದ್ದು ಹಿಗ್ಗಲಿ, ಒಳಗಿನದ್ದು ಕುಗ್ಗಲಿ. ಬಿಸಿಲಿಗೆ ಇಲ್ಲಿ ಬರವಾ? ಎರಡು ತಾಸು ಯಾರೂ ಮುಟ್ಟಬೇಡಿ" ಎಂದು ಹೇಳಿ ಮಧ್ಯಾಹ್ನದ ಲೊಹರ್ ನಮಾಜಿಗೆ ಹೋದರು.

ಅವರು ಹೋಗಿ ಹತ್ತು ನಿಮಿಷ ಆಗಿತ್ತೋ ಇಲ್ಲವೋ, ಮೂರು ಪೆಟ್ಟು ಕೇಳಿಸಿತು. ಸ್ಟೋರಿನಿಂದ ಓಡಿ ಬಂದೆ. ಫೋರ್‌ಮನ್ ತನ್ನ ಪಿಕಪ್ಪಿನಿಂದ ತಂದ ಸುತ್ತಿಗೆ ಹಿಡಿದು ನಿಂತಿದ್ದ. ಪ್ರೊಪೆಲ್ಲರ್ ಇದ್ದಲ್ಲೇ ಇತ್ತು. ಮೂರನೇ ಪೆಟ್ಟು ಜಾರಿ ಗೇರಿನ ಕವಚದ ಅಂಚಿಗೆ ಬಿದ್ದು ಅಲ್ಲಿ ಬಿರುಕು ಬಿಟ್ಟಿತ್ತು.

ಅವನ ಮುಖ ಬಿಳಿಚಿತು, ಆಮೇಲೆ ಗಟ್ಟಿಯಾಯಿತು. "ಅದ್ರಾಮ ಹೊಡೆದ ಅಂತ ಬರಿ. ಇಂಗ್ಲಿಷಿನಲ್ಲಿ ಬರೆದು ಅವನ ಸೈನು ತಗೋ. ನಿನ್ನ ಇಕಾಮಾ ರಿನ್ಯೂ ಮಾಡುವ ಕಾಗದ ನನ್ನ ಡ್ರಾಯರಿನಲ್ಲಿದೆ" ಎಂದ. ಕಾನೂನು ಬಿಗಿಯಾಗಿ, ಇಕಾಮಾ ಎಂಬ ವಾಸದ ಪರವಾನಗಿ ಸರಿಯಿಲ್ಲದವರೆಲ್ಲ ಗಂಟುಮೂಟೆ ಕಟ್ಟುತ್ತಿದ್ದ ಕಾಲ ಅದು. ಮುಚ್ಚಿಡುವುದೇನು, ಬರೆದೆ. ಥೂ ನನ್ನ ಕೈಗೆ! ಸ್ಪೆಲ್ಲಿಂಗು ತಪ್ಪದ ಹಾಗೆ, ಸ್ವಚ್ಛವಾಗಿ ಬರೆದೆ.

ಅದ್ರಾಮಾಕ ಬಂದರು. ಬಿರುಕಿನ ಮೇಲೆ ಬೆರಳಾಡಿಸಿದರು. ಫೋರ್‌ಮನ್ ಕಾಗದ ಮುಂದೆ ಹಿಡಿದು, ಸೈನು ಹಾಕಿದರೆ ಎಚ್ಚರಿಕೆ ಮಾತ್ರ, ಹಾಕದಿದ್ದರೆ ಎಕ್ಸಿಟ್, ಸೀದಾ ಊರಿಗೆ ಎಂದ.

"ಭಟ್ಕಳ, ಇದ್ರಲ್ಲಿ ಎಂತ ಉಂಟು? ಕನ್ನಡದಲ್ಲಿ ಹೇಳು" ಎಂದರು ನನಗೆ.

ಹೇಳಿದೆ.

"ಬರೆದದ್ದು ನೀನಾ?"

"ಹೌದು ಅದ್ರಾಮಾಕ."

"ಅಕ್ಷರ ಚಂದ ಉಂಟು. ಪೆನ್ನು ಕೊಡು."

ಸೊಂಟ ಬಗ್ಗಿಸಿ, ದೋಣಿಯ ಅಂಚಿನ ಮೇಲೆ ಕಾಗದ ಇಟ್ಟು, ನನ್ನ ಇಂಗ್ಲಿಷಿನ ಕೆಳಗೆ ದೊಡ್ಡ ದೊಡ್ಡ ಕನ್ನಡ ಅಕ್ಷರಗಳಲ್ಲಿ ಎರಡು ಸಾಲು ಬರೆದು ಸೈನು ಹಾಕಿದರು. ಫೋರ್‌ಮನ್ ಸೈನು ನೋಡಿದ, ಖುಷಿಯಾಗಿ ಮಡಚಿ ಜೇಬಿಗೆ ಹಾಕಿದ. ಅದ್ರಾಮಾಕ ಹೊಸ ಐಸು ಕಟ್ಟಿ, ಪ್ರೊಪೆಲ್ಲರನ್ನು ಹೊರಗೆಳೆಯುವ ಎರಡು ಬೋಲ್ಟಿನ ಪುಲ್ಲರ್ ಹಿಡಿಸಿ, ಕಾಲು ಸುತ್ತು ತಿರುಗಿಸುವುದು, ಕಾಯುವುದು, ಮತ್ತೆ ಕಾಲು ಸುತ್ತು ತಿರುಗಿಸುವುದು, ಹೀಗೇ ಮಾಡುತ್ತಾ ಕೂತರು. ಇಳಿಹೊತ್ತಿನ ಅಸರ್ ಬಾಂಗಿಗೆ ಸ್ವಲ್ಪ ಮೊದಲು ಟಕ್ ಎಂದು ಪ್ರೊಪೆಲ್ಲರ್ ಅವರ ಎರಡೂ ಕೈಗೆ ಬಂತು.

ನಮಾಜು ಮುಗಿಸಿ ಕಫೀಲರು ಅಳಿಯನ ಜೊತೆ ಬಂದರು. ಫೋರ್‌ಮನ್ ಬಿರುಕು ತೋರಿಸಿ ಕಾಗದ ಕೊಟ್ಟ. ಅಳಿಯ ಇಂಗ್ಲಿಷನ್ನು ಓದಿ ಅರಬಿಯಲ್ಲಿ ಹೇಳಿದ. ಕಫೀಲರು ಕೆಳಗಿನ ಸಾಲುಗಳ ಮೇಲೆ ಬೆರಳಿಟ್ಟು, "ಇದೇನು?" ಎಂದು ಕೇಳಿದರು. ಆ ಶೆಡ್ಡಿನಲ್ಲಿ ಕನ್ನಡ ಓದಬಲ್ಲವರು ಇಬ್ಬರೇ. ಅದ್ರಾಮಾಕ ಮುಖ ತಿರುಗಿಸಿ ಶಾಫ್ಟು ಒರೆಸುತ್ತಿದ್ದರು. ಫೋರ್‌ಮನ್ ನನ್ನನ್ನು ದುರುಗುಟ್ಟಿ ನೋಡಿದ. ಅವರ ಹೆಸರು, ಊರು ಬರೆದಿದ್ದಾರೆ ಎಂದುಬಿಟ್ಟಿದ್ದರೆ ನಾನು ಬಚಾವು.

ನಾನು ಓದಿದೆ, ಅರಬಿಯಲ್ಲಿ: "ನಾನು ಹೊಡೆದಿಲ್ಲ. ಹೊಡೆದದ್ದು ಯಾರು ಅಂತ ಮೇಲಿನ ಇಂಗ್ಲಿಷ್ ಬರೆದವನಿಗೆ ಗೊತ್ತು."

"ಬರೆದವನು ಯಾರು?" ಎಂದರು ಕಫೀಲರು.

"ನಾನು. ಸುಳ್ಳು ಬರೆದೆ. ಹೊಡೆದದ್ದು ಇವನು" ಎಂದು ಫೋರ್‌ಮನ್ ಕಡೆ ಕೈ ತೋರಿಸಿದೆ. ತೋರಿಸಿದ ಕೈಯನ್ನು ಇಳಿಸಲಿಲ್ಲ.

ಆಮೇಲೆ ನ್ಯಾಯ ನಡೆಯಿತು ಎಂದುಕೊಂಡಿರಾ? ಎಂಥ ನ್ಯಾಯ! ಫೋರ್‌ಮನ್‌ಗೆ ಬೈಗುಳ ಸಿಕ್ಕಿತು, ಅಷ್ಟೇ. ಗಿರಾಕಿಗಳನ್ನು ತರುವವನು ಅವನು. ಕಫೀಲರು ಅದ್ರಾಮಾಕನ ಹೆಗಲ ಮೇಲೆ ಕೈಯಿಟ್ಟು ಎಲ್ಲ ಮರೆತುಬಿಡು ಎಂದರು. "ಅವನಿದ್ದಲ್ಲಿ ನಾನಿಲ್ಲ. ನನ್ನನ್ನು ಅವ ಕಳಿಸೂದು ಬೇಡ, ನಾನೇ ಹೋಗ್ತೇನೆ" ಎಂದು ಅದ್ರಾಮಾಕ ತಾನಾಗಿಯೇ ಎಕ್ಸಿಟ್ ಕೇಳಿ ಪಡೆದರು. ಹೋಗುವ ಮೊದಲು ಬಿರುಕು ಬಿಟ್ಟ ಕವಚ ಬದಲಿಸಿ, ಹೊಸ ಸೀಲು ಕೂರಿಸಿ, ಅಳಿಯನ ಕೈಯಿಂದಲೇ ಗ್ರೀಸು ಹಚ್ಚಿಸಿದರು. ಕಫೀಲರು ಹೇಳಿದ ಮೇಲೆ ನನ್ನ ಇಕಾಮಾ ರಿನ್ಯೂ ಆಯಿತು. ನಾನು ಉಳಿದೆ. ಅದಕ್ಕೆ ಈಗಲೂ ನನ್ನ ಮೇಲೆ ನನಗೆ ಸಿಟ್ಟಿದೆ.

ದಮ್ಮಾಮಿನ ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟು ಬಂದೆ. ಬೆಳಗ್ಗಿನ ಮಂಗಳೂರು ವಿಮಾನ. ದಾರಿಯುದ್ದಕ್ಕೂ ಮಾಫಿ ಕೇಳಬೇಕೆಂದು ಬಾಯಿಗೆ ಬಂದ ಮಾತನ್ನು ನುಂಗಿ ನುಂಗಿ, ಬಾಗಿಲ ಹತ್ತಿರ ಟ್ರಾಲಿ ಹಿಡಿದು ನಿಲ್ಲಿಸಿ ಬೇರೆಯೇ ಕೇಳಿದೆ. "ಅದ್ರಾಮಾಕ, ಆ ಸಾಲು ಬರೆಯುವಾಗ ನಾನು ಓದಿ ಹೇಳ್ತೇನೆ ಅಂತ ನಂಬಿಕೆ ಇತ್ತಾ ನಿಮಗೆ?"

ಅವರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ಸಿಟ್ಟಿರಲಿಲ್ಲ, ಸುಳ್ಳು ಸಮಾಧಾನವೂ ಇರಲಿಲ್ಲ.

"ಇಲ್ಲ ಮಾರಾಯ. ಎಂತದೂ ಇರ್ಲಿಲ್ಲ. ನೀನು ಓದದಿದ್ರೂ ನಾನು ಬರೀತಿದ್ದೆ" ಎಂದು ಹೇಳಿ, ನನ್ನ ಕೈಯನ್ನು ಟ್ರಾಲಿಯಿಂದ ಮೆಲ್ಲಗೆ ಬಿಡಿಸಿ ಒಳಗೆ ಹೋದರು.